ನೀಳ್ಗತೆಯನ್ನು ಕಾದಂಬರಿಯಾಗಿ ಬೆಳೆಸಿದರೆ ಬರಹಗಾರರಿಗೆ ಹೆಚ್ಚು ಹಣ ಬರುತ್ತದೆಯೇ?

ಪ್ರಶ್ನೆ: ಸಾಗರದ ಕಥೆಗಾರ್ತಿ

ಎಲ್ಲರಿಗೂ ನಮಸ್ಕಾರ. ಕಳೆದ ಒಂಬತ್ತು ವರ್ಷಗಳಿಂದ ಕಥೆ ಬರೆಯುತ್ತಿದ್ದೇನೆ. ಹದಿನಾಲ್ಕು ಕಥೆಗಳು ವಾರಪತ್ರಿಕೆ, ಮಾಸಪತ್ರಿಕೆ ಮತ್ತು ವಿಶೇಷಾಂಕಗಳಲ್ಲಿ ಪ್ರಕಟವಾಗಿವೆ. ಈಚೆಗೆ ಬರೆದು ಮುಗಿಸಿದ ಒಂದು ಕಥೆ ಮಾತ್ರ ಯಾವ ಅಳತೆಗೂ ಒಗ್ಗದೆ ಕೈಯಲ್ಲೇ ಉಳಿದಿದೆ. ಅಡಿಕೆ ತೋಟವೊಂದು ಮೂವರು ಅಣ್ಣತಮ್ಮಂದಿರ ನಡುವೆ ಹಿಸೆಯಾಗುವ ನಾಲ್ಕು ದಿನಗಳ ಕಥೆ ಅದು. ಮೊದಲ ದಿನ ಮರ ಎಣಿಸಲು ಹೊರಟವರು ನಾಲ್ಕನೆಯ ದಿನ ತಾಯಿಯ ಮಂಚ ಯಾರ ಪಾಲಿಗೆ ಎಂದು ಕೇಳುವಲ್ಲಿಗೆ ಮುಗಿಯುತ್ತದೆ. ಸುಮಾರು 17,000 ಪದಗಳಿವೆ, ಅಂದರೆ ಸಣ್ಣಕಥೆಗಿಂತ ಉದ್ದ, ಕಾದಂಬರಿಗಿಂತ ಚಿಕ್ಕದಾದ ನೀಳ್ಗತೆ.

ಪತ್ರಿಕೆಗೆ ಕೊಡೋಣವೆಂದರೆ ಅಷ್ಟು ಜಾಗ ಯಾವ ಪತ್ರಿಕೆಯಲ್ಲೂ ಇಲ್ಲ. ಕಥಾಸ್ಪರ್ಧೆಗಳ ಪದಮಿತಿಯನ್ನು ಇದು ಹಲವು ಪಟ್ಟು ಮೀರುತ್ತದೆ. ಪರಿಚಯದ ಪ್ರಕಾಶಕರೊಬ್ಬರಿಗೆ ಹಸ್ತಪ್ರತಿ ಕಳುಹಿಸಿದೆ. ಅವರು ಓದಿ ಮೆಚ್ಚಿದರು, ಆಮೇಲೆ ಫೋನಿನಲ್ಲಿ ಹೇಳಿದ್ದು ಇಷ್ಟು: "ಇದನ್ನು ಇನ್ನೂರು ಪುಟಕ್ಕೆ ತನ್ನಿ, ಕಾದಂಬರಿ ಎಂದು ಹಾಕೋಣ. ಇಲ್ಲವಾದರೆ ಮೂರೂವರೆ ಸಾವಿರ ಪದಕ್ಕೆ ಇಳಿಸಿ ದೀಪಾವಳಿ ಸಂಚಿಕೆಗೆ ಕೊಡಿ. ಈಗಿರುವ ಅಳತೆಯಲ್ಲಿ ಇದು ಮಾರಾಟವಾಗುವುದಿಲ್ಲ."

ಅಂದಿನಿಂದ ಇದೇ ಯೋಚನೆಯಲ್ಲಿದ್ದೇನೆ. ನಾಲ್ಕು ದಿನಗಳ ಕಥೆಯನ್ನು ನಾಲ್ಕು ತಿಂಗಳಿಗೆ ಎಳೆಯಬಹುದು, ಅಣ್ಣತಮ್ಮಂದಿರ ಹೆಂಡತಿಯರ ತವರಿನ ಕಥೆಗಳನ್ನು ಸೇರಿಸಬಹುದು, ನಗರಕ್ಕೆ ಹೋದ ಮಗನೊಬ್ಬನನ್ನು ತರಬಹುದು. ಅದೆಲ್ಲ ನನ್ನ ಕೈಲಾಗದ ಕೆಲಸವೇನಲ್ಲ. ಆದರೆ ಆರು ತಿಂಗಳಾದರೂ ಬೇಕು, ಮತ್ತು ಕಥೆಗೆ ಅದು ಬೇಕೋ ಬೇಡವೋ ಎಂಬ ಅನುಮಾನ ಬಲವಾಗಿದೆ.

ಹಣದ ಮಾತು ಎತ್ತಲು ನಮ್ಮಲ್ಲಿ ಬಹಳ ಜನ ಸಂಕೋಚಪಡುತ್ತಾರೆ. ನಾನು ಅರೆಕಾಲಿಕ ಉಪನ್ಯಾಸಕಿ. ಬರವಣಿಗೆಯಿಂದ ಬರುವ ಒಂದೊಂದು ಸಾವಿರವೂ ನನ್ನ ಮನೆಗೆ ಲೆಕ್ಕಕ್ಕೆ ಬರುವ ಹಣ. ಹಾಗಾಗಿ ನೇರವಾಗಿಯೇ ಕೇಳುತ್ತೇನೆ: ಕಥೆಯ ಉದ್ದಕ್ಕೂ ಬರಹಗಾರರ ಗಳಿಕೆಗೂ ನಿಜವಾಗಿ ಸಂಬಂಧವಿದೆಯೇ? ದಪ್ಪ ಪುಸ್ತಕವೇ ಹೆಚ್ಚು ಮಾರಾಟವಾಗುತ್ತದೆ ಎಂಬುದು ಅನುಭವದ ಮಾತೋ ಅಥವಾ ಎಲ್ಲರೂ ಹೇಳುತ್ತಾ ಬಂದಿರುವ ರೂಢಿಯ ಮಾತೋ? ಪ್ರಕಾಶನ, ಮಾರಾಟ, ಅನುವಾದ ಬಲ್ಲವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ 1: ಸಣ್ಣ ಪ್ರಕಾಶಕ, ಹುಬ್ಬಳ್ಳಿ

ಮೇಡಂ, ನಿಮಗೆ ಸಲಹೆ ಕೊಟ್ಟ ಪ್ರಕಾಶಕರು ಸುಳ್ಳು ಹೇಳಿಲ್ಲ, ಆದರೆ ಹಿಂದಿನ ಲೆಕ್ಕವನ್ನು ಬಿಡಿಸಿ ಹೇಳಿಲ್ಲ. ಹದಿನೆಂಟು ವರ್ಷಗಳಿಂದ ಪುಸ್ತಕ ಮಾಡುತ್ತಿರುವವನಾಗಿ ಆ ಲೆಕ್ಕವನ್ನು ಇಲ್ಲಿ ಬರೆಯುತ್ತೇನೆ. ಅದು ಗೊತ್ತಾದರೆ "ಇನ್ನೂರು ಪುಟ" ಎಂಬ ಮಾತು ಎಲ್ಲಿಂದ ಹುಟ್ಟುತ್ತದೆ ಎಂಬುದು ನಿಮಗೇ ಕಾಣುತ್ತದೆ.

ನಾವು ಪುಸ್ತಕವನ್ನು ಪುಟದಲ್ಲಿ ಎಣಿಸುವುದಿಲ್ಲ, ಫಾರಂನಲ್ಲಿ, ಅಂದರೆ ಅಚ್ಚಾದ ಮೇಲೆ ಪುಟಗಳಾಗಿ ಮಡಿಸುವ ದೊಡ್ಡ ಹಾಳೆಯ ಲೆಕ್ಕದಲ್ಲಿ ಎಣಿಸುತ್ತೇವೆ. ಡೆಮಿ ಅಷ್ಟಮ ಎಂಬ ಸಾಮಾನ್ಯ ಪುಸ್ತಕದ ಅಳತೆಯಲ್ಲಿ ಒಂದು ಫಾರಂ ಎಂದರೆ ಹದಿನಾರು ಪುಟ. ಕನ್ನಡದಲ್ಲಿ ಪದಗಳು ಉದ್ದ, ವಿಭಕ್ತಿಗಳೆಲ್ಲ ಪದಕ್ಕೇ ಅಂಟಿಕೊಂಡಿರುತ್ತವೆ. ಆದ್ದರಿಂದ ಓದಲು ಹಿತವಾದ ಅಕ್ಷರದ ಅಳತೆ ಇಟ್ಟರೆ ಒಂದು ಪುಟಕ್ಕೆ ಇನ್ನೂರು ಪದ ಹಿಡಿಸುತ್ತದೆ. ನಿಮ್ಮ 17,000 ಪದಗಳಿಗೆ 85 ಪುಟ. ಶೀರ್ಷಿಕೆ, ಅರ್ಪಣೆ, ಲೇಖಕರ ಮಾತು ಮುಂತಾದವಕ್ಕೆ ಎಂಟು ಹತ್ತು ಪುಟ ಸೇರಿಸಿದರೆ 96 ಪುಟ, ಅಂದರೆ ಆರು ಫಾರಂ. ಬೆನ್ನು ತೀರಾ ತೆಳುವಾಗಿರುತ್ತದೆ, ಅದರ ಮೇಲೆ ಹೆಸರು ಹಾಕಿದರೂ ಕಪಾಟಿನಲ್ಲಿ ನಿಲ್ಲಿಸಿದಾಗ ಓದಲು ಬರುವುದಿಲ್ಲ. ಅಂಗಡಿಯಲ್ಲಿ ಮುಖ ತೋರಿಸಿ ಇಡುವ ಜಾಗ ಕಡಿಮೆ, ಬೆನ್ನು ತೋರಿಸಿ ಇಡುವ ಜಾಗ ಹೆಚ್ಚು. ಬೆನ್ನಿಲ್ಲದ ಪುಸ್ತಕ ಅಲ್ಲಿ ಕಳೆದುಹೋಗುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಖರ್ಚಿನದು. ಮುಖಪುಟ ಬರೆಯುವ ಕಲಾವಿದರ ಸಂಭಾವನೆ, ಮುಖಪುಟದ ನಾಲ್ಕು ಬಣ್ಣದ ಮುದ್ರಣ, ಲ್ಯಾಮಿನೇಷನ್, ಬೈಂಡಿಂಗಿನ ಕನಿಷ್ಠ ದರ, ಅಂಗಡಿಗಳಿಗೆ ಕಳುಹಿಸುವ ಪಾರ್ಸೆಲ್, ಬಿಡುಗಡೆಯ ಖರ್ಚು ಇವೆಲ್ಲ 96 ಪುಟದ ಪುಸ್ತಕಕ್ಕೂ 200 ಪುಟದ ಪುಸ್ತಕಕ್ಕೂ ಹೆಚ್ಚುಕಡಿಮೆ ಒಂದೇ. ಕಾಗದ, ಪ್ಲೇಟು, ಡಿಟಿಪಿ, ಕರಡು ತಿದ್ದುವಿಕೆ ಮಾತ್ರ ಪುಟದ ಜೊತೆ ಏರುತ್ತವೆ. ಹೀಗಾಗಿ ತೆಳು ಪುಸ್ತಕಕ್ಕೆ ಪುಟವೊಂದರ ಮೇಲೆ ಬೀಳುವ ಖರ್ಚು ಹೆಚ್ಚು. ಆದರೆ ಓದುಗರು ಬೆಲೆ ನೋಡುವಾಗ ಪುಟ ತಿರುಗಿಸಿ ನೋಡುತ್ತಾರೆ. 96 ಪುಟಕ್ಕೆ 180 ರೂಪಾಯಿ ಎಂದು ಹಾಕಿದರೆ ಪುಸ್ತಕ ಕೆಳಗಿಡುತ್ತಾರೆ.

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯೂ ಪುಟಕ್ಕೆ ಇಷ್ಟು ಎಂಬ ದರದ ಮೇಲೆಯೇ ನಡೆಯುತ್ತದೆ. ಆಯ್ಕೆಯಾದ ಪುಸ್ತಕದ ಸಾಮಾನ್ಯವಾಗಿ 300 ಪ್ರತಿಗಳು ಹೋಗುತ್ತವೆ. ಐನೂರು ಪ್ರತಿ ಮುದ್ರಿಸುವ ನನ್ನಂಥವನಿಗೆ ಮುನ್ನೂರು ಪ್ರತಿ ಒಂದೇ ಕಡೆ ಹೋಗುವುದು ಎಷ್ಟು ದೊಡ್ಡ ಆಸರೆ ಎಂಬುದನ್ನು ಊಹಿಸಿ. ಆದರೆ ಪುಟಕ್ಕೆ ದರ ಒಂದೇ ಇದ್ದು ಖರ್ಚು ಮಾತ್ರ ತೆಳು ಪುಸ್ತಕದಲ್ಲಿ ಹೆಚ್ಚಾದಾಗ ಪ್ರಕಾಶಕರ ಕೈ ತಾನಾಗಿ ದಪ್ಪ ಹಸ್ತಪ್ರತಿಯ ಕಡೆ ಹೋಗುತ್ತದೆ. "ಇನ್ನೂರು ಪುಟಕ್ಕೆ ತನ್ನಿ" ಎಂಬ ಮಾತಿನ ಮೂಲ ಇಲ್ಲಿದೆ. ಅದು ಓದುಗರ ರುಚಿಯ ಬಗ್ಗೆ ಹೇಳಿದ ಮಾತಲ್ಲ, ಮುದ್ರಣದ ಗಣಿತದ ಬಗ್ಗೆ ಹೇಳಿದ ಮಾತು.

ಇನ್ನು ನಿಮ್ಮ ಕೈಗೆ ಬರುವ ಹಣದ ವಿಚಾರ. ನಾನು ಮುಖಬೆಲೆಯ ಶೇಕಡಾ 10 ಗೌರವಧನ ಕೊಡುತ್ತೇನೆ. ಬಹಳ ಕಡೆ ಇದೇ ಪದ್ಧತಿ. 96 ಪುಟದ ಪುಸ್ತಕಕ್ಕೆ 110 ರೂಪಾಯಿ ಬೆಲೆ ಇಟ್ಟು 500 ಪ್ರತಿಯೂ ಮಾರಾಟವಾದರೆ ನಿಮಗೆ 5,500 ರೂಪಾಯಿ. 200 ಪುಟದ ಪುಸ್ತಕಕ್ಕೆ 220 ಇಟ್ಟು ಅಷ್ಟೇ ಪ್ರತಿ ಹೋದರೆ 11,000. ಎರಡರ ನಡುವಿನ ಅಂತರ 5,500 ರೂಪಾಯಿ. ಅದಕ್ಕಾಗಿ ನೀವು ಇನ್ನೂ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪದ ಬರೆಯಬೇಕು, ಆರು ತಿಂಗಳು ಕೂರಬೇಕು. ಹೆಚ್ಚಿನ ಪುಟವೊಂದಕ್ಕೆ ಸುಮಾರು ಐವತ್ತು ರೂಪಾಯಿ ಸಿಕ್ಕಂತಾಯಿತು. ನಿಮ್ಮ ಹದಿನಾಲ್ಕು ಕಥೆಗಳಲ್ಲಿ ಒಂದೊಂದಕ್ಕೆ ಪತ್ರಿಕೆಗಳು ಕೊಟ್ಟ ಸಂಭಾವನೆಯನ್ನು ಇದೇ ರೀತಿ ಪುಟಕ್ಕೆ ಭಾಗಿಸಿ ನೋಡಿ. ಬಹುಶಃ ಸಣ್ಣಕಥೆಯೇ ಮುಂದಿರುತ್ತದೆ.

ಹಾಗೆಂದು ಉದ್ದ ಕಾದಂಬರಿ ನಷ್ಟದ ಬಾಬ್ತು ಎಂದು ನಾನು ಹೇಳುತ್ತಿಲ್ಲ. ಬರಹಗಾರರಿಗೆ ನಿಜವಾದ ಹಣ ಬರುವುದು ಮರುಮುದ್ರಣದಲ್ಲಿ. ಮರುಮುದ್ರಣಕ್ಕೆ ಹೊಸದಾಗಿ ಬರೆಯುವ ಶ್ರಮವಿಲ್ಲ, ಗೌರವಧನ ಮಾತ್ರ ಮತ್ತೆ ಮತ್ತೆ ಬರುತ್ತದೆ. 1979ರ "ಪರ್ವ" ಆರುನೂರು ಪುಟ ಮೀರಿದ ಕಾದಂಬರಿ, ಮರುವರ್ಷ 1980ರಲ್ಲಿ ಬಂದ "ಕರ್ವಾಲೊ" ಒಂದೆರಡು ಕೂಡುವಿಕೆಯಲ್ಲಿ ಓದಿ ಮುಗಿಸುವಂಥದ್ದು. ಎರಡೂ ಇಂದಿಗೂ ಅಚ್ಚಾಗುತ್ತಲೇ ಇವೆ, ಎರಡನ್ನೂ ಜನ ಹೆಸರು ಹೇಳಿ ಕೇಳುತ್ತಾರೆ. ಮೊದಲ ಐನೂರು ಪ್ರತಿಯನ್ನು ಪುಸ್ತಕದ ದಪ್ಪ ಸ್ವಲ್ಪ ತಳ್ಳಬಹುದು. ಆರನೆಯ ಮುದ್ರಣದವರೆಗೆ ತಳ್ಳುವುದು ಓದಿದವರ ಬಾಯಿಮಾತು. ಹಿಗ್ಗಿಸಿ ಬರೆದದ್ದನ್ನು ಓದಿದವರು ಇನ್ನೊಬ್ಬರಿಗೆ ಹೇಳುವುದಿಲ್ಲ ಎಂಬುದನ್ನು ನನ್ನ ಗೋದಾಮಿನಲ್ಲಿ ಉಳಿದಿರುವ ಎರಡು ಕಾದಂಬರಿಗಳ ಕಟ್ಟುಗಳು ನನಗೆ ಕಲಿಸಿವೆ. ಅವೆರಡನ್ನೂ ನಾನೇ ಲೇಖಕರಿಗೆ ಒತ್ತಾಯಿಸಿ ದಪ್ಪ ಮಾಡಿಸಿದ್ದೆ. ಆ ತಪ್ಪು ನನ್ನದು, ಅವರದಲ್ಲ.

ಉತ್ತರ 2: ಧಾರಾವಾಹಿ ಬರೆಯುವವಳು, ತುಮಕೂರು

ಮೇಲಿನ ಉತ್ತರ ಅಚ್ಚಿನ ಪುಸ್ತಕಕ್ಕೆ ಸರಿ. ಮೊಬೈಲಿನಲ್ಲಿ ಓದುವವರ ಲೋಕದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ನಾನು ನಾಲ್ಕು ವರ್ಷಗಳಿಂದ ಕಂತುಗಳಲ್ಲಿ ಕಥೆ ಬರೆಯುತ್ತಿರುವುದರಿಂದ ಅದನ್ನು ಹೇಳಬಲ್ಲೆ.

ಇಲ್ಲಿ ಉದ್ದಕ್ಕೇ ಹಣ. ಕಥೆಯ ಮೊದಲ ಕೆಲವು ಭಾಗಗಳು ಉಚಿತ. ಮುಂದಿನ ಭಾಗವನ್ನು ಕಾಯದೆ ಓದಬೇಕೆಂದರೆ ಓದುಗರು ಸ್ವಲ್ಪ ಹಣ ಕೊಡುತ್ತಾರೆ ಅಥವಾ ತಿಂಗಳ ಚಂದಾ ಕಟ್ಟುತ್ತಾರೆ. ಬೆಳಿಗ್ಗೆ ಬಸ್ಸಿನಲ್ಲಿ, ಮಧ್ಯಾಹ್ನ ಊಟದ ನಂತರ, ರಾತ್ರಿ ಮಕ್ಕಳು ಮಲಗಿದ ಮೇಲೆ ಹತ್ತು ನಿಮಿಷ ಓದುವ ಹೆಣ್ಣುಮಕ್ಕಳೇ ನನ್ನ ಓದುಗರಲ್ಲಿ ಹೆಚ್ಚು. ಅವರು ಒಂದು ಸಂಸಾರದೊಳಗೆ ಹೊಕ್ಕ ಮೇಲೆ ಬೇಗ ಹೊರಬರಲು ಬಯಸುವುದಿಲ್ಲ. ನನ್ನ ಹನ್ನೆರಡು ಭಾಗಗಳ ಕಥೆಯೊಂದಕ್ಕೆ ಒಳ್ಳೆಯ ವಿಮರ್ಶೆಗಳು ಬಂದವು, ಹಣ ಏನೂ ಬರಲಿಲ್ಲ ಎನ್ನಬೇಕು. ಅದಕ್ಕಿಂತ ಸಾಧಾರಣವೆಂದು ನನಗೇ ಅನ್ನಿಸುವ 140 ಭಾಗಗಳ ಕಥೆ ಎರಡು ವರ್ಷ ನನ್ನ ಮನೆಯ ಕರೆಂಟು ಮತ್ತು ಗ್ಯಾಸಿನ ಬಿಲ್ಲು ಕಟ್ಟಿತು.

ಆದರೆ ಆ ಉದ್ದ ಬೇರೆ ಬಗೆಯದು ಎಂಬುದನ್ನು ಗಮನಿಸಬೇಕು. ಒಂದೊಂದು ಭಾಗವೂ ಸಾವಿರ ಸಾವಿರದಿನ್ನೂರು ಪದ, ಪ್ರತಿ ಭಾಗದ ಕೊನೆಗೂ ಒಂದು ಬಾಗಿಲು ಅರ್ಧ ತೆರೆದಿರಬೇಕು. ಎರಡು ದಿನ ಬರೆಯದಿದ್ದರೆ "ಅಕ್ಕ, ಹುಷಾರಾಗಿದ್ದೀರಾ?" ಎಂದು ಸಂದೇಶ ಬರುತ್ತದೆ, ಒಂದು ವಾರ ಬರೆಯದಿದ್ದರೆ ಓದುಗರು ಇನ್ನೊಂದು ಕಥೆಗೆ ಹೋಗಿರುತ್ತಾರೆ. ನಾಲ್ಕು ದಿನಗಳಲ್ಲಿ ನಡೆಯುವ ನಿಮ್ಮ ಹಿಸೆಯ ಕಥೆ ಬಿಗಿಯಾದ ಕಥೆ ಎಂದು ನೀವು ಬರೆದ ರೀತಿಯಿಂದಲೇ ತಿಳಿಯುತ್ತದೆ. ಅದನ್ನು ಹದಿನೈದು ತುಂಡು ಮಾಡಿ ಇಲ್ಲಿ ಹಾಕಿದರೆ ಎರಡು ವಾರಕ್ಕೆ ಮುಗಿದುಹೋಗುತ್ತದೆ. ಹಣ ಕೊಡುವ ಅಭ್ಯಾಸ ಓದುಗರಿಗೆ ಹತ್ತುವಷ್ಟರಲ್ಲಿ ಕಥೆಯೇ ಇರುವುದಿಲ್ಲ. ಈ ಮಾಧ್ಯಮಕ್ಕೆ ಬರುವುದಾದರೆ ಇಲ್ಲಿಗೆಂದೇ ಹೊಸ ಕಥೆ ಹೂಡಿ, ಇದನ್ನು ಹಿಗ್ಗಿಸಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ.

ಉತ್ತರ 3: ಇಂಗ್ಲಿಷ್ ಅಧ್ಯಾಪಕ ಮತ್ತು ಅನುವಾದಕ, ಮೈಸೂರು

ಇಬ್ಬರ ಅನುಭವವನ್ನೂ ಓದಿದಾಗ ನನಗೆ ತೋಚಿದ್ದು ಒಂದು: ಹಣ ಕೊಡುವವರು ಯಾವುದನ್ನು ಎಣಿಸುತ್ತಾರೋ ಅದಕ್ಕೆ ತಕ್ಕಂತೆ ಕಥೆಗಳ ಉದ್ದ ಬದಲಾಗುತ್ತಾ ಬಂದಿದೆ. ಫಾರಂ ಎಣಿಸಿದರೆ ಒಂದು ಉದ್ದ, ಕಂತು ಎಣಿಸಿದರೆ ಇನ್ನೊಂದು. ಇದಕ್ಕೆ ಚರಿತ್ರೆಯಲ್ಲಿ ಸ್ಪಷ್ಟವಾದ ನಿದರ್ಶನಗಳಿವೆ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಾದಂಬರಿಯೆಂದರೆ ಮೂರು ಸಂಪುಟ. ಬೆಲೆ ಒಂದೂವರೆ ಗಿನಿ, ಅಂದರೆ 31 ಶಿಲಿಂಗ್ 6 ಪೆನ್ಸ್. ಅಷ್ಟು ಹಣ ಕೊಟ್ಟು ಕೊಳ್ಳುವವರು ಎಲ್ಲೋ ಕೆಲವರು. ಉಳಿದವರು ಚಂದಾ ಕಟ್ಟಿ ಪುಸ್ತಕ ತರುವ ಓದುಮನೆಗಳಿಂದ ಎರವಲು ಪಡೆಯುತ್ತಿದ್ದರು. ಅವುಗಳಲ್ಲಿ ದೊಡ್ಡದು 1842ರಲ್ಲಿ ಆರಂಭವಾದ ಮ್ಯೂಡಿಯ ಗ್ರಂಥಾಲಯ. ಒಂದು ಚಂದಾಕ್ಕೆ ಒಮ್ಮೆಗೆ ಒಂದು ಸಂಪುಟ ಎಂಬ ನಿಯಮವಿದ್ದುದರಿಂದ ಮೂರು ಸಂಪುಟಗಳ ಒಂದು ಕಾದಂಬರಿಯನ್ನು ಏಕಕಾಲಕ್ಕೆ ಮೂವರಿಗೆ ಕೊಡಬಹುದಾಗಿತ್ತು. ಮ್ಯೂಡಿಯವರು ಒಂದೇ ಆರ್ಡರಿನಲ್ಲಿ ನೂರಾರು ಪ್ರತಿ ಕೊಳ್ಳುತ್ತಿದ್ದರು, ಆದ್ದರಿಂದ ಪ್ರಕಾಶಕರು ಮೂರು ಸಂಪುಟವನ್ನೇ ಕೇಳುತ್ತಿದ್ದರು. ಒಂದೂವರೆ ಸಂಪುಟದ ಸರಕಿದ್ದ ಲೇಖಕರು ಸಂಭಾಷಣೆಗಳನ್ನು ಎಳೆದು, ಉಪಕಥೆಗಳನ್ನು ತುರುಕಿ ಮೂರಕ್ಕೆ ಮುಟ್ಟಿಸುತ್ತಿದ್ದರು. 1894ರಲ್ಲಿ ಮ್ಯೂಡಿಯವರೂ ಇನ್ನೊಂದು ದೊಡ್ಡ ಓದುಮನೆಯಾದ ಡಬ್ಲ್ಯು.ಎಚ್. ಸ್ಮಿತ್ ಅವರೂ ಸಂಪುಟವೊಂದಕ್ಕೆ ನಾಲ್ಕು ಶಿಲಿಂಗಿಗಿಂತ ಹೆಚ್ಚು ಕೊಡುವುದಿಲ್ಲ ಎಂದು ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಮೂರು ಸಂಪುಟದ ಕಾದಂಬರಿ ಕಣ್ಮರೆಯಾಯಿತು. ಓದುಗರ ರುಚಿ ಆ ಒಂದೆರಡು ವರ್ಷದಲ್ಲಿ ಬದಲಾದದ್ದಲ್ಲ, ಕೊಳ್ಳುವವರ ಎಣಿಕೆ ಬದಲಾಯಿತು.

ನಮ್ಮ ಕಾಲದಲ್ಲೇ ಇಂಥದೊಂದು ನಡೆದಿದೆ. ಅಮೆಜಾನಿನ ಕಿಂಡಲ್ ಅನ್‌ಲಿಮಿಟೆಡ್ ಎಂಬ ಇ-ಪುಸ್ತಕಗಳ ಚಂದಾ ಯೋಜನೆಯಲ್ಲಿ ಮೊದಲು ಎರವಲಿಗೆ ಇಷ್ಟು ಎಂದು ಹಣ ಕೊಡುತ್ತಿದ್ದರು. ಓದುಗರು ಪುಸ್ತಕದ ಶೇಕಡಾ 10 ಭಾಗವನ್ನು ಓದಿದರೆ ಸಾಕು, ಮೂವತ್ತು ಪುಟದ ಕಥೆಗೂ ನಾನೂರು ಪುಟದ ಕಾದಂಬರಿಗೂ ಒಂದೇ ಮೊತ್ತ. ಪರಿಣಾಮವಾಗಿ ಬರಹಗಾರರು ಕಾದಂಬರಿಗಳನ್ನು ಕತ್ತರಿಸಿ ತುಂಡು ತುಂಡಾಗಿ ಹಾಕತೊಡಗಿದರು. 2015ರ ಜುಲೈಯಿಂದ ಓದಿದ ಪುಟಕ್ಕೆ ಇಷ್ಟು ಎಂಬ ಲೆಕ್ಕ ಬಂತು. ಆಗ ಗಾಳಿ ತಿರುಗಿತು. ಹಳೆಯ ಕಥೆಗಳನ್ನೆಲ್ಲ ಒಂದೇ ಪುಸ್ತಕಕ್ಕೆ ತುಂಬಿ ಪುಟ ಹೆಚ್ಚಿಸುವವರು ಹುಟ್ಟಿಕೊಂಡರು. ಕೊನೆಗೆ ಒಂದು ಪುಸ್ತಕಕ್ಕೆ ಒಬ್ಬ ಓದುಗರಿಂದ 3,000 ಪುಟಕ್ಕಿಂತ ಹೆಚ್ಚು ಲೆಕ್ಕ ಹಿಡಿಯುವುದಿಲ್ಲ ಎಂಬ ಮಿತಿ ಹಾಕಬೇಕಾಯಿತು.

ಅಮೆರಿಕದ ವೈಜ್ಞಾನಿಕ ಕಥೆಗಳ ಪತ್ರಿಕೆಗಳು ಪದಕ್ಕೆ ಇಷ್ಟು ಎಂದು ಕೊಡುತ್ತವೆ. ಅಲ್ಲಿನ ಲೇಖಕರ ಸಂಘ 2019ರಿಂದ ವೃತ್ತಿಪರ ದರವೆಂದು ಒಪ್ಪುವ ಕನಿಷ್ಠ ಮೊತ್ತ ಪದಕ್ಕೆ 8 ಸೆಂಟ್. ಐದು ಸಾವಿರ ಪದದ ಕಥೆಗೆ 400 ಡಾಲರ್. ಅದೇ ಸಂಘ 17,500 ಪದದಿಂದ 40,000 ಪದದವರೆಗಿನ ಕೃತಿಯನ್ನು ಕಿರುಕಾದಂಬರಿ ಎಂದು ಬೇರೆ ವರ್ಗವಾಗಿಯೇ ಎಣಿಸುತ್ತದೆ, ಅದಕ್ಕೆ ಪ್ರತ್ಯೇಕ ಬಹುಮಾನವಿದೆ. ನಿಮ್ಮ ಕಥೆ ಆ ಗೆರೆಯ ಹತ್ತಿರವೇ ಇದೆ. ನಮ್ಮಲ್ಲಿ ನೀಳ್ಗತೆ ಎಂಬ ಚೆಂದದ ಹೆಸರಿದೆ, ಆದರೆ ಅದಕ್ಕೆಂದೇ ಮೀಸಲಾದ ಸ್ಪರ್ಧೆ, ಮಾಲಿಕೆಗಳು ಕಡಿಮೆ. ನನಗೆ ಇದು ಬಹಳ ನೋವಿನ ಸಂಗತಿ, ಏಕೆಂದರೆ ಕನ್ನಡದ ಅತ್ಯುತ್ತಮ ಗದ್ಯದಲ್ಲಿ ಒಂದು ದೊಡ್ಡ ಪಾಲು ಈ ಅಳತೆಯಲ್ಲೇ ಇದೆ.

ಇನ್ನೊಂದು ದಾರಿಯ ಬಗ್ಗೆಯೂ ಹೇಳಬೇಕು, ಏಕೆಂದರೆ ಪುಸ್ತಕದ ಮೊದಲ ಮುದ್ರಣವನ್ನು ಮಾತ್ರ ಗಳಿಕೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳು "ಹಾರ್ಟ್ ಲ್ಯಾಂಪ್" ಎಂಬ ಹೆಸರಿನಲ್ಲಿ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಆ ಪ್ರಶಸ್ತಿ ಕಥಾಸಂಕಲನವೊಂದಕ್ಕೆ ಸಂದದ್ದು ಅದೇ ಮೊದಲು. ಬಹುಮಾನದ 50,000 ಪೌಂಡ್ ಲೇಖಕರಿಗೂ ಅನುವಾದಕರಿಗೂ ಸಮಪಾಲು. ಅದಕ್ಕೂ ಮೊದಲು ವಿವೇಕ ಶಾನಭಾಗರ "ಘಾಚರ್ ಘೋಚರ್" ಎಂಬ ಕಿರುಕಾದಂಬರಿ ಶ್ರೀನಾಥ್ ಪೇರೂರರ ಅನುವಾದದ ಮೂಲಕ ಕನ್ನಡ ಬಾರದ ಎಷ್ಟೋ ದೇಶಗಳ ಓದುಗರನ್ನು ಮುಟ್ಟಿತು. ಅದು ಇನ್ನೂ ಇನ್ನೂರು ಪುಟ ಉದ್ದವಿದ್ದಿದ್ದರೆ ಅಷ್ಟು ದೂರ ಹೋಗುತ್ತಿತ್ತೆಂದು ನಾನು ನಂಬುವುದಿಲ್ಲ. ಸಿನಿಮಾದಲ್ಲೂ ಹಾಗೆಯೇ. ಪುಟ್ಟಣ್ಣ ಕಣಗಾಲರು ಕಾದಂಬರಿಗಳನ್ನು ಆರಿಸಿಕೊಂಡರು ನಿಜ. ಗಿರೀಶ ಕಾಸರವಳ್ಳಿಯವರ "ಘಟಶ್ರಾದ್ಧ", "ತಬರನ ಕಥೆ" ಎರಡೂ ಕಥೆಗಳನ್ನು ಆಧರಿಸಿದ ಚಿತ್ರಗಳು. ನಾಲ್ಕು ದಿನ, ಒಂದು ತೋಟ, ಮೂವರು ಅಣ್ಣತಮ್ಮಂದಿರು, ಒಂದು ಮಂಚ ಎಂಬುದು ಚಿತ್ರ ಮಾಡುವವರಿಗೆ ಹಿಡಿತಕ್ಕೆ ಸಿಗುವ ಅಳತೆ.

ಇವೆಲ್ಲ ಎಲ್ಲರಿಗೂ ಒದಗುವ ಭಾಗ್ಯವಲ್ಲ, ಇವನ್ನು ನಂಬಿ ಮನೆ ನಡೆಸಲಾಗದು. ಆದರೆ ಇಂಥ ಅವಕಾಶ ಬಂದಾಗ ಕೈಯಲ್ಲಿ ಇರಬೇಕಾದದ್ದು ಗಟ್ಟಿಯಾದ ಕಥೆ. ಅದನ್ನು ಐದು ಸಾವಿರ ರೂಪಾಯಿಗಾಗಿ ತೆಳುಮಾಡಿಕೊಳ್ಳಬೇಡಿ.

ಉತ್ತರ 4: ಪುಸ್ತಕದಂಗಡಿಯವ, ದಾವಣಗೆರೆ

ನಮ್ಮ ತಂದೆ 1970ರ ದಶಕದಲ್ಲಿ ಬಾಡಿಗೆ ಗ್ರಂಥಾಲಯ ನಡೆಸುತ್ತಿದ್ದರು, ನಾನು ಈಗ ಅದೇ ಜಾಗದಲ್ಲಿ ಪುಸ್ತಕ ಮಾರುತ್ತೇನೆ. ಆಗಿನ ಒಂದು ನೆನಪನ್ನು ಹೇಳುತ್ತೇನೆ. ಪ್ರತಿ ಪುಸ್ತಕಕ್ಕೂ ಖಾಕಿ ಕಾಗದದ ಹೊದಿಕೆ, ಒಳಗೆ ತಾರೀಖಿನ ಚೀಟಿ. ತ್ರಿವೇಣಿ, ಎಂ.ಕೆ. ಇಂದಿರಾ, ಅ.ನ.ಕೃ. ಅವರ ಕಾದಂಬರಿಗಳ ಚೀಟಿಗಳು ತಿಂಗಳೊಳಗೆ ತುಂಬಿ ಅದರ ಮೇಲೆ ಇನ್ನೊಂದು ಚೀಟಿ ಅಂಟಿಸಬೇಕಾಗುತ್ತಿತ್ತು. ಇನ್ನೂರು ಇನ್ನೂರೈವತ್ತು ಪುಟದ ಪುಸ್ತಕ ಎರಡು ದಿನಕ್ಕೆ ಹಿಂದಿರುಗುತ್ತಿತ್ತು, ಎರಡು ದಿನದ ಬಾಡಿಗೆ ಯಾರಿಗೂ ಭಾರವಾಗುತ್ತಿರಲಿಲ್ಲ. ತೀರಾ ದಪ್ಪ ಪುಸ್ತಕ ಕೊಂಡೊಯ್ಯಲು ಜನ ಹಿಂಜರಿಯುತ್ತಿದ್ದರು. ಕಥಾಸಂಕಲನ ಕೊಂಡೊಯ್ದವರು ಒಂದೆರಡು ಕಥೆ ಓದಿ ತಂದುಕೊಡುತ್ತಿದ್ದರು. ಈ ಇನ್ನೂರು ಪುಟದ ಅಳತೆ ಜನರ ಕೈಗೆ ಹತ್ತಿದ್ದು ಆ ಕಾಲದಲ್ಲಿ ಎಂದು ನನಗೆ ಅನ್ನಿಸುತ್ತದೆ.

ಈಗ ಸ್ಥಿತಿ ಬೇರೆಯಾಗಿದೆ. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಮಳಿಗೆ ಹಾಕಿದ್ದೆ. ಅಲ್ಲಿ ನೋಡಿದ್ದನ್ನು ಹೇಳುವುದಾದರೆ, ಐವತ್ತು ದಾಟಿದವರು ಹೆಸರಾಂತ ದಪ್ಪ ಕಾದಂಬರಿಗಳನ್ನು ಕೊಳ್ಳುತ್ತಾರೆ. ಉಡುಗೊರೆ ಕೊಡುವವರೂ ಅದನ್ನೇ ಕೊಳ್ಳುತ್ತಾರೆ, ಕೈಯಲ್ಲಿ ತೂಕವಿರಬೇಕು ಎನ್ನುತ್ತಾರೆ. ಕಾಲೇಜಿನ ಹುಡುಗ ಹುಡುಗಿಯರು ಪುಸ್ತಕ ತೆಗೆದು ಮೊದಲು ಕೊನೆಯ ಪುಟದ ಸಂಖ್ಯೆ ನೋಡುತ್ತಾರೆ. ಒಬ್ಬ ಹುಡುಗಿ ನೂರಿಪ್ಪತ್ತು ಪುಟದ ಪುಸ್ತಕವೊಂದನ್ನು ಹಿಡಿದು, "ಇದನ್ನು ಊರು ಮುಟ್ಟುವುದರೊಳಗೆ ಓದಿ ಮುಗಿಸಬಹುದು" ಎಂದು ಗೆಳತಿಗೆ ಹೇಳಿ, ಅದೇ ಲೇಖಕರ ಇನ್ನೊಂದನ್ನೂ ಸೇರಿಸಿ ಎರಡು ಕೊಂಡಳು. ಆದ್ದರಿಂದ ತೆಳು ಪುಸ್ತಕ ಮಾರಾಟವಾಗುವುದಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಬೆನ್ನು ಕಾಣದ ಪುಸ್ತಕವನ್ನು ಅಂಗಡಿಯವರು ಮರೆಯುತ್ತಾರೆ ಎಂಬ ಮಾತು ಮಾತ್ರ ನಿಜ, ನಾನೂ ಮರೆತಿದ್ದೇನೆ.

ಮರುಪ್ರತಿಕ್ರಿಯೆ: ಸಾಗರದ ಕಥೆಗಾರ್ತಿ

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ನನ್ನ ಮನಃಪೂರ್ವಕ ವಂದನೆಗಳು. ಹುಬ್ಬಳ್ಳಿಯ ಪ್ರಕಾಶಕರು ಹೇಳಿದಂತೆ ಲೆಕ್ಕ ಹಾಕಿ ನೋಡಿದೆ. ನನ್ನ ಮೂರು ಸಾವಿರ ಪದದ ಕಥೆಯೊಂದಕ್ಕೆ ಇದುವರೆಗೆ ಸಿಕ್ಕ ಅತಿ ಹೆಚ್ಚಿನ ಸಂಭಾವನೆ 2,000 ರೂಪಾಯಿ. ಪುಸ್ತಕದ ಪುಟದಲ್ಲಿ ಅದು ಹದಿನೈದು ಪುಟ, ಅಂದರೆ ಪುಟಕ್ಕೆ 130 ರೂಪಾಯಿಗೂ ಹೆಚ್ಚು. ಹಿಗ್ಗಿಸಿ ಬರೆಯುವ ಪುಟಕ್ಕೆ ಐವತ್ತು. ಅದೇ ಆರು ತಿಂಗಳಲ್ಲಿ ನಾನು ನಾಲ್ಕು ಹೊಸ ಕಥೆ ಬರೆಯಬಲ್ಲೆ. ನಾಲ್ಕರಲ್ಲಿ ಮೂರೇ ಪ್ರಕಟವಾದರೂ ನನಗೆ ನಷ್ಟವಿಲ್ಲ, ಅವುಗಳ ಹಕ್ಕೂ ನನ್ನ ಬಳಿಯೇ ಉಳಿಯುತ್ತದೆ. ಈ ಲೆಕ್ಕವನ್ನು ಯಾರೂ ನನಗೆ ಈ ಮೊದಲು ತೋರಿಸಿರಲಿಲ್ಲ.

ಆದರೆ ಬೆನ್ನಿನ ವಿಷಯ ಮನಸ್ಸಿಗೆ ನಾಟಿದೆ. ಒಂದು ಪ್ರಶ್ನೆ ಉಳಿಯಿತು. ನೀಳ್ಗತೆಯನ್ನು ಇದ್ದಂತೆಯೇ ಇಟ್ಟು, ಪತ್ರಿಕೆಗಳಲ್ಲಿ ಬಂದ ಹದಿನಾಲ್ಕರಲ್ಲಿ ಇದೇ ಸೀಮೆಯ, ಇದೇ ತೋಟ ಮನೆಗಳ ನಾಲ್ಕು ಕಥೆಗಳನ್ನು ಜೊತೆಗೆ ಸೇರಿಸಿ ಒಂದೇ ಪುಸ್ತಕ ಮಾಡಿದರೆ ನಡೆಯುತ್ತದೆಯೇ? ಆ ನಾಲ್ಕಕ್ಕೂ ಈಗಾಗಲೇ ಸಂಭಾವನೆ ಬಂದಿದೆ, ಹೊಸದಾಗಿ ಬರೆಯಬೇಕಾದ್ದು ಏನೂ ಇಲ್ಲ.

ಉತ್ತರ 5: ಸಣ್ಣ ಪ್ರಕಾಶಕ, ಹುಬ್ಬಳ್ಳಿ

ನಡೆಯುತ್ತದೆ ಮೇಡಂ. ನೀಳ್ಗತೆಗೆ 85 ಪುಟ, ನಾಲ್ಕು ಕಥೆಗೆ 60, ಒಟ್ಟು 145. ಶೀರ್ಷಿಕೆ, ಅರ್ಪಣೆಯಂಥ ಆರಂಭದ ಪುಟಗಳು, ಪ್ರತಿ ಕಥೆಯ ಮೊದಲಿಗೆ ಬಿಡುವ ಖಾಲಿ ಜಾಗ ಎಲ್ಲ ಸೇರಿ 160ಕ್ಕೆ ಬಂದು ನಿಲ್ಲುತ್ತದೆ, ಸರಿಯಾಗಿ ಹತ್ತು ಫಾರಂ. ಬೆನ್ನಿನ ಮೇಲೆ ಹೆಸರು ಚೆನ್ನಾಗಿ ಕೂರುತ್ತದೆ. ನೀಳ್ಗತೆಯನ್ನು ಮೊದಲಿಗೆ ಹಾಕಬೇಡಿ, ಕೊನೆಗೆ ಇಡಿ. ಮೊದಲ ನಾಲ್ಕು ಕಥೆಗಳಲ್ಲಿ ಆ ಸೀಮೆಯ ಮಾತು, ಮಳೆ, ಮನೆಗಳ ಪರಿಚಯವಾದ ಓದುಗರು ಹಿಸೆಯ ನಾಲ್ಕು ದಿನಗಳೊಳಗೆ ನೇರವಾಗಿ ಇಳಿಯುತ್ತಾರೆ. ಒಪ್ಪಂದಕ್ಕೆ ಸಹಿ ಹಾಕುವಾಗ, ಯಾವ ಪ್ರಕಾಶಕರ ಜೊತೆಗಾದರೂ ಸರಿ, ಅನುವಾದ, ಸಿನಿಮಾ ಮತ್ತು ಧ್ವನಿಪುಸ್ತಕದ ಹಕ್ಕುಗಳು ನಿಮ್ಮಲ್ಲೇ ಉಳಿಯುತ್ತವೆ ಎಂಬ ಸಾಲು ಇದೆಯೇ ಎಂದು ನೋಡಿಕೊಳ್ಳಿ. ಪತ್ರಿಕೆಗಳಲ್ಲಿ ಮೊದಲು ಪ್ರಕಟವಾದ ವರ್ಷ, ತಿಂಗಳನ್ನು ಪ್ರತಿ ಕಥೆಯ ಕೆಳಗೆ ನಮೂದಿಸುವುದನ್ನು ಮರೆಯಬೇಡಿ.